ಒಂದು ಬಾಗಿಲ ಚೌಕಟ್ಟು, ಮೊಣಕಾಲುದ್ದದ ಬೆಳಕು

ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ನಾಟಕ ಸ್ಪರ್ಧೆಗಳಿಗೆ ಹೋದರೆ, ಪರದೆ ಏಳುವ ಮೊದಲೇ ರಂಗದ ಮೇಲೆ ಏನಿರುತ್ತದೆ ಎಂದು ಹೇಳಿಬಿಡಬಹುದು. ಹಿಂದೆ ಕಪ್ಪು ಬಟ್ಟೆ, ನಡುವೆ ಮೂರೋ ನಾಲ್ಕೋ ಮರದ ಡಬ್ಬಿ, ಎಲ್ಲರಿಗೂ ಒಂದೇ ಬಣ್ಣದ ಜುಬ್ಬಾ. ಉದ್ದನೆಯ ಸೀರೆಯೊಂದು ಬಂದೇ ಬರುತ್ತದೆ. ಇಬ್ಬರು ಹಿಡಿದು ಅಲುಗಾಡಿಸಿದರೆ ಹೊಳೆ, ಗಂಟು ಹಾಕಿದರೆ ತೊಟ್ಟಿಲು, ಹೊದಿಸಿದರೆ ಹೆಣ. ತೀರ್ಪುಗಾರರು ಇದನ್ನು ‘ಸರಳ ರಂಗಸಜ್ಜಿಕೆ’ ಎಂದು ಹೊಗಳುತ್ತಾರೆ. ಆ ಡಬ್ಬಿಗಳನ್ನು ಎತ್ತಿ ಪಕ್ಕದ ತಂಡದ ನಾಟಕಕ್ಕೆ ಇಟ್ಟರೂ ಏನೂ ವ್ಯತ್ಯಾಸವಾಗದಿದ್ದರೆ ಅದು ವಿನ್ಯಾಸ ಹೇಗಾದೀತು? ದುಡ್ಡಿಲ್ಲ ಎನ್ನಿ, ಒಪ್ಪುತ್ತೇನೆ. ಸಾಮಾನು ಸಾಗಿಸಲು ಲಾರಿ ಬಾಡಿಗೆ ಕೊಟ್ಟವರಿಗೆ ಆ ಕಷ್ಟ ಗೊತ್ತು. ಅದಕ್ಕೆ ಕಲೆಯ ಹೆಸರು ಮಾತ್ರ ಬೇಡ.

ಸಿಟ್ಟು ಈಗ ಹೆಚ್ಚಾಗಲು ಕಾರಣ, ನಿಜವಾದ ಸರಳತೆ ಎಂಥದು ಎಂದು ತೋರಿಸಿಕೊಟ್ಟ, ಬಾಗಲಕೋಟೆಯ ನವನಗರದಲ್ಲಿ ಮೊನ್ನೆ ಹುಡುಗರು ಆಡಿದ ಮುಳುಗಡೆಯ ನಾಟಕ. ರಂಗದ ಮೇಲಿದ್ದದ್ದು ಒಂದು ಬಾಗಿಲ ಚೌಕಟ್ಟು, ಅಷ್ಟೇ. ಕದವಿಲ್ಲ, ಗೋಡೆಯಿಲ್ಲ. ಹಳೆಯ ಸಾಗವಾನಿ, ಹೊಸ್ತಿಲಿನ ನಡುಭಾಗ ಸವೆದಿತ್ತು. ಬಾಗಲಕೋಟೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಡುವಾಗ ಜನ ಮನೆ ಬಿಚ್ಚಿ ತೊಲೆ, ಕಂಬ, ಬಾಗಿಲುಗಳನ್ನು ಹೇರಿಕೊಂಡು ಬಂದವರು.

ಮೊದಲ ದೃಶ್ಯದಲ್ಲಿ ಎಲ್ಲರೂ ಆ ಚೌಕಟ್ಟಿನ ಒಳಗಿಂದಲೇ ಓಡಾಡುತ್ತಾರೆ. ತಲೆ ತಗ್ಗಿಸಿ, ಹೊಸ್ತಿಲು ತುಳಿಯದೆ ದಾಟುತ್ತಾರೆ. ಬಹಳ ಹೊತ್ತು ಯಾರೂ ಈ ನಿಯಮ ಮುರಿಯುವುದಿಲ್ಲ. ಅಷ್ಟರಲ್ಲಿ ನಮ್ಮ ಕಣ್ಣು ಇಲ್ಲದ ಗೋಡೆಯನ್ನು ಕಟ್ಟಿ ಮುಗಿಸಿರುತ್ತದೆ. ಆಮೇಲೆ ಅಳತೆಯ ಟೇಪು ಹಿಡಿದ ಸರ್ವೆಯವನು ಬರುತ್ತಾನೆ, ಗೋಡೆ ಇರಬೇಕಾದ ಜಾಗದಿಂದಲೇ ಸೀದಾ ಒಳಗೆ. ನನ್ನ ಹಿಂದೆ ಯಾರೋ ‘ಅಯ್ಯ’ ಎಂದರು. ಒಂದು ಮಾತೂ ಇಲ್ಲದೆ ಮನೆ ಬಿದ್ದುಹೋಯಿತು. ಪ್ಲೈವುಡ್ಡಿನ ಗೋಡೆ ನಿಲ್ಲಿಸಿದ್ದರೆ ಅವನೂ ಪಾಪ ಬಾಗಿಲಿನಿಂದಲೇ ಬರಬೇಕಾಗುತ್ತಿತ್ತು.

ನೀರನ್ನು ತೋರಿಸಿದ ಬಗೆ ಇನ್ನೂ ಚೆನ್ನ. ನೀಲಿ ಬಟ್ಟೆಯಿಲ್ಲ, ಧ್ವನಿಮುದ್ರಿತ ಅಲೆಗಳಿಲ್ಲ. ಎರಡೂ ಬದಿಯ ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ನೆಲಮಟ್ಟಕ್ಕೆ ಇಟ್ಟ ದೀಪಗಳು. ಮೊದಲು ಆ ತಣ್ಣನೆಯ ಬೆಳಕು ಪಾದಗಳನ್ನಷ್ಟೇ ಮುಟ್ಟುತ್ತದೆ. ದೃಶ್ಯಗಳು ಕಳೆದಂತೆ ಮೊಣಕಾಲು, ಸೊಂಟ, ಎದೆ. ಮೇಲಿನ ಹಳದಿ ಬೆಳಕು ಅದೇ ಗತಿಯಲ್ಲಿ ಆರುತ್ತ ಹೋಗುತ್ತದೆ. ಹೊಗೆ ದೂಳಿಲ್ಲದ ಗಾಳಿಯಲ್ಲಿ ಬೆಳಕು ಕಾಣುವುದಿಲ್ಲ, ಏನಕ್ಕಾದರೂ ತಾಗಿದಾಗಲೇ ಕಾಣುತ್ತದೆ. ಹಾಗಾಗಿ ನಟರ ಮೈಯೇ ಇಲ್ಲಿ ಅಳತೆಗೋಲು. ಮಟ್ಟ ಏರಿದಾಗಲೆಲ್ಲ ಒಳಗಿಂದ ಒಂದು ದನಿ ಅಂಕಿ ಓದುತ್ತದೆ. 519.60 ಮೀಟರ್‌ಗೆ ಬಂದು ನಿಲ್ಲುತ್ತದೆ. ಅದು ಜಲಾಶಯದ ಪೂರ್ಣಮಟ್ಟ. ಮುಗಿಯಿತು ಎಂದುಕೊಂಡೆವು. ತುಸು ಬಿಟ್ಟು ಅದೇ ದನಿ 524.256 ಎಂದಿತು. ಕೃಷ್ಣಾ ನದಿನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟ ಎತ್ತರ ಅದು. ಬೇರೆ ಊರಿನ ಪ್ರೇಕ್ಷಕರಿಗೆ ಇದು ಬರೀ ದಶಮಾಂಶ. ನಮ್ಮ ಸಾಲಿನಲ್ಲಿ ಕುಳಿತವರಿಗೆ ಅದು ಇನ್ನೂ ಯಾರ ಯಾರ ಹೊಲ, ಯಾರ ಯಾರ ಮನೆ ಎಂಬ ಪಟ್ಟಿ.

ಕೊರತೆಯನ್ನೂ ಹೇಳಬೇಕು. ಎಲ್ಲ ಪಾತ್ರಗಳಿಗೂ ಬೂದು ಬಟ್ಟೆ, ಅಜ್ಜಿಗೂ! ಇಳಕಲ್ ಇರುವುದು ಇದೇ ಜಿಲ್ಲೆಯಲ್ಲಿ. ಕೆಂಪು ರೇಷ್ಮೆಯ ಸೆರಗು, ಅದರ ಮೇಲೆ ಟೋಪುತೆನಿ ಎಂಬ ಬಿಳಿ ವಿನ್ಯಾಸ. ಬರಿದಾದ ರಂಗದಲ್ಲಿ ಆ ಒಂದು ಕೆಂಪು ಇದ್ದಿದ್ದರೆ ಅಜ್ಜಿಯ ವಯಸ್ಸು, ಊರು, ಗತ್ತು ಎಲ್ಲವನ್ನೂ ಅದೇ ಹೇಳುತ್ತಿತ್ತು. ಕೆಳಗಿನಿಂದ ಏರುವ ಬೆಳಕು ಕಟ್ಟಕಡೆಗೆ ಮುಟ್ಟುತ್ತಿದ್ದುದು ಅವಳ ಹೆಗಲ ಮೇಲಿನ ಸೆರಗನ್ನು. ಎಲ್ಲರಿಗೂ ಒಂದೇ ಬಣ್ಣ ತೊಡಿಸುವುದು ಸರಳತೆಯಲ್ಲ, ಸಮವಸ್ತ್ರ.

ರಂಗವನ್ನು ಹೀಗೆ ಬರಿದಾಗಿಡುವುದು ಪಶ್ಚಿಮದಿಂದ ಬಂದ ಶೈಲಿ ಎನ್ನುವವರೂ ಇದ್ದಾರೆ. 1953ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೇರಿದ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ನಾಟಕದ ಒಂಟಿ ಮರ ನನಗೂ ಇಷ್ಟವೇ. ಮೊದಲ ಅಂಕದಲ್ಲಿ ಬೋಳಾಗಿದ್ದ ಅದಕ್ಕೆ ಎರಡನೆಯದರಲ್ಲಿ ನಾಲ್ಕೈದು ಎಲೆ ಬಂದಿರುತ್ತವೆ, ಕಾಯುವವರ ಸ್ಥಿತಿ ಮಾತ್ರ ಹಾಗೆಯೇ. ಆದರೆ ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣನ ಬಯಲಾಟ ‘ಶ್ರೀಕೃಷ್ಣ ಪಾರಿಜಾತ’ವನ್ನು ನೋಡಿ. ಒಂದು ಹೂವು ರುಕ್ಮಿಣಿಗೆ ಸಿಕ್ಕಿತೆಂದು ಸತ್ಯಭಾಮೆಯ ಇಡೀ ರಾತ್ರಿಯ ಮುನಿಸು. ಭಾಗವತ ವೇಷ ಬದಲಿಸದೆ, ಅವಳತ್ತ ತಿರುಗಿ ಮಾತಾಡಿಸಿದರೆ ಸಾಕು, ಸಖಿಯಾಗಿಬಿಡುತ್ತಾನೆ. ಅರಮನೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳ ಸೀನರಿಯನ್ನೂ ಹೀಗಳೆಯಬೇಡಿ. ಅಲ್ಲಿ ಬೀದಿಯ ಪರದೆ ಇಳಿಯುವುದೇ ಹಿಂದೆ ದರ್ಬಾರು ಜೋಡಿಸಲು. ಮುಂದೆ ಹಾಸ್ಯ ನಡೆಯುತ್ತಿರುತ್ತದೆ. ಅದಕ್ಕೊಂದು ಕೆಲಸವಿದೆ. ಡಬ್ಬಿಗಳಿಗೆ ಏನಿದೆ?

ಕೊನೆಯ ದೃಶ್ಯದಲ್ಲಿ ಚೌಕಟ್ಟನ್ನು ನೆಲಕ್ಕೆ ಮಲಗಿಸಿ, ಮನೆಯವರೆಲ್ಲ ಅದರೊಳಗೆ ಒತ್ತಿಕೊಂಡು ಕೂರುತ್ತಾರೆ. ದೋಣಿಯೋ, ಸರಕಾರ ಕೊಟ್ಟ ನಿವೇಶನವೋ, ನೋಡುವವರಿಗೆ ಬಿಟ್ಟಿದ್ದು. ಅಲ್ಲಿಗೆ ಎಲ್ಲಿಂದಲೋ ಕೊಳಲಿನ ರೆಕಾರ್ಡು ಬಂದು ‘ಈಗ ಅಳಿ’ ಎಂದು ಅಪ್ಪಣೆ ಕೊಟ್ಟಿತು. ಹುಡುಗರೇ, ಆ ಕೊಳಲನ್ನು ಬಿಟ್ಟುಬಿಡಿ. ಮುಂದಿನ ಪ್ರದರ್ಶನ ವಿಜಯಪುರದಲ್ಲಂತೆ. ಹೋಗುವವರು ಮುಂದಿನ ಸಾಲು ಹಿಡಿಯಬೇಡಿ, ಮಲಗಿದ ಚೌಕಟ್ಟು ಅಲ್ಲಿಂದ ಕಾಣುವುದಿಲ್ಲ. ಅಜ್ಜಿಯ ಪಾತ್ರಕ್ಕೆ ಇಳಕಲ್ ಸೀರೆ ಬೇಕಾದರೆ ನಮ್ಮ ಮನೆಯಿಂದ ಒಯ್ಯಿರಿ. ಹೊಳೆ ಮಾಡುವುದಿಲ್ಲ ಎಂದು ಮಾತು ಕೊಟ್ಟರೆ ಸಾಕು.