ನಿಯತ್ತು ಯಾರದು, ಯಾರಿಗೆ?

ಹೋದ ಭಾನುವಾರ ಪರಿಚಯದವರೊಬ್ಬರ ಬೀಳ್ಕೊಡುಗೆಗೆ ಹೋಗಿದ್ದೆ. ಜವಳಿ ಅಂಗಡಿಯೊಂದರಲ್ಲಿ 22 ವರ್ಷ ಥಾನು ಬಿಚ್ಚಿ ತೋರಿಸಿ, ಮತ್ತೆ ಸುತ್ತಿಟ್ಟ ಮನುಷ್ಯ. ಮಾಲೀಕರು ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು, "ಇಂಥ ನಿಯತ್ತಿನ ಮನುಷ್ಯ ಇನ್ನು ಸಿಗುವುದಿಲ್ಲ" ಎಂದರು. ಚಪ್ಪಾಳೆ ಬಿತ್ತು. ಗ್ರಾಚ್ಯುಟಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಅಂದಿನಿಂದ ಈ 'ನಿಯತ್ತು' ಎಂಬ ಪದ ನನ್ನ ತಲೆ ತಿನ್ನುತ್ತಿದೆ.

ನಿಯತಕಾಲಿಕದ 'ನಿಯತ'ಕ್ಕೂ ಇದಕ್ಕೂ ನಂಟಿಲ್ಲ. ಅದು ಸಂಸ್ಕೃತ. ಇದು ಅರಬ್ಬಿಯ 'ನಿಯ್ಯತ್'; ಉರ್ದುವಿನ ಹಾದಿಯಲ್ಲಿ ಬಂದು, ತಾಕತ್ತು, ಕಿಮ್ಮತ್ತುಗಳ ಹಾಗೆ ಬಾಲಕ್ಕೊಂದು ಉಕಾರ ಅಂಟಿಸಿಕೊಂಡು ನಮ್ಮದಾಯಿತು. ಮೂಲದಲ್ಲಿ ಅರ್ಥ ಸಂಕಲ್ಪ, ಉದ್ದೇಶ, ಅಷ್ಟೆ. ಉರ್ದುವಿನಲ್ಲಿ ನೀಯತ್ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಕನ್ನಡದಲ್ಲಿ 'ಕೆಟ್ಟ ನಿಯತ್ತು' ಎಂದು ಹೇಳಿ ನೋಡಿ, ನಾಲಿಗೆ ತಡೆಯುತ್ತದೆ. ನಮ್ಮಲ್ಲಿ ಅದು ಒಂದೋ ಇರುತ್ತದೆ, ಇಲ್ಲವೇ ಇರುವುದಿಲ್ಲ. (ದೌಲತ್ತಿಗೆ ಆದದ್ದು ಇದರ ತಿರುವುಮುರುವು: ಅಲ್ಲಿ ಸಂಪತ್ತು, ಇಲ್ಲಿ ಸೊಕ್ಕು. ನಮ್ಮ ಹಿರಿಯರು ಸಿರಿವಂತರನ್ನು ಹತ್ತಿರದಿಂದಲೇ ನೋಡಿರಬೇಕು.)

ನಮ್ಮ ಬೀದಿಯ ದರ್ಜಿ ಸಾಹೇಬರನ್ನು ಕೇಳಿದೆ. "ನಮಾಜಿಗೆ ನಿಂತಾಗ ಮೊದಲು ನೀಯತ್ ಕಟ್ಟುತ್ತೇವೆ, ಉಳಿದದ್ದು ಆಮೇಲೆ" ಎಂದರು, ಕೈಕೆಲಸ ಬಿಡದೆ. ಮೇಜಿನ ಮೇಲೆ ನನ್ನದೇ ಅಂಗಿ ಬಟ್ಟೆ: ಎರಡೂಕಾಲು ಮೀಟರ್, 36 ಇಂಚು ಪನ್ನ. ಸೀಮೆಸುಣ್ಣದ ಗೆರೆ ಎಳೆಯುವ ಮುಂಚೆಯೇ ಒಂದು ಅಂಚನ್ನು ಮಡಿಸಿ ಬದಿಗೆ ಸರಿಸಿದರು. ಹೊಲಿದ ಅಂಗಿಯ ಜೊತೆ ಆ ತುಂಡೂ ಮನೆಗೆ ಬಂತು, ಕಾಲರ್ ಸವೆದಾಗ ಬೇಕಾಗುತ್ತದೆಂದು. ಅವರು ಕೊಡದಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಕತ್ತರಿ ಅವರ ಕೈಯಲ್ಲಿತ್ತು, ನಿಯತ್ತೂ ಅವರದೇ. ನಾವು ಬಳಸುವ ಬಗೆ ಬೇರೆ. ನಾಯಿಗೆ ನಿಯತ್ತು, ಆಳಿಗೆ ನಿಯತ್ತು, ಪಕ್ಷದ ಕಾರ್ಯಕರ್ತನಿಗೆ ನಿಯತ್ತು. ಕೆಳಗಿನವನು ಮೇಲಿನವನಿಗೆ ಕಟ್ಟುವ ಕಂದಾಯದಂತೆ. ಧಣಿಗೆ ನಿಯತ್ತಿಲ್ಲ ಎಂದು ಯಾರಾದರೂ ಬೈದದ್ದು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಅವನು ಹೆಚ್ಚೆಂದರೆ ಜಿಪುಣ.

ಗ್ರಾಚ್ಯುಟಿಗೆ 1972ರಿಂದಲೂ ಕಾನೂನಿದೆ. ಹತ್ತು ಜನ ದುಡಿಯುವ ಅಂಗಡಿಯಲ್ಲಿ ಐದು ವರ್ಷ ಪೂರೈಸಿ ನಿವೃತ್ತನಾದವನಿಗೆ, ದುಡಿದ ಪ್ರತಿ ವರ್ಷಕ್ಕೂ ಹದಿನೈದು ದಿನದ ಸಂಬಳ. ಆ ಜವಳಿ ಅಂಗಡಿಯಲ್ಲಿ ಹದಿನಾಲ್ಕು ಜನರಿದ್ದಾರೆ. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆ: ಸಂಬಳ 18,000, ತಿಂಗಳಿಗೆ 26 ದಿನ, 22 ವರ್ಷ. 2,28,461 ರೂಪಾಯಿ ಬಂತು. ಬೀಳ್ಕೊಡುಗೆಯ ಊಟದ ಸಾಲಿನಲ್ಲಿ ಆ ಪರಿಚಯದವರಿಗೆ ತೋರಿಸಿದೆ, ಅರ್ಜಿ ನಾನೇ ಬರೆದುಕೊಡುತ್ತೇನೆ ಎಂದೆ.

"ಬೇಡ ಸ್ವಾಮಿ, ಅನ್ನ ಹಾಕಿದ ಮನೆ. ಕೊನೆಗಾಲದಲ್ಲಿ ನಿಯತ್ತು ಕೆಡಿಸಿಕೊಳ್ಳಲೇ?" ಎಂದರು.

ಆದರೆ ಆ ಪತ್ರಿಕೆಯನ್ನು ನನಗೆ ವಾಪಸ್ಸು ಕೊಡಲಿಲ್ಲ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.