ಒಂದು ಸೀಟಿಗೆ ಎಷ್ಟು ಪರೀಕ್ಷೆ?

ನನ್ನ ತಂಗಿ ಬಿಕಾಂ ಮುಗಿಸಿದ್ದಾಳೆ. ಎಂಬಿಎ ಮಾಡುವ ಆಸೆ. ಆದರೆ ಪ್ರವೇಶ ಪರೀಕ್ಷೆಗಳ ಸಾಲು ನೋಡಿದರೆ ನನಗೇ ಸುಸ್ತಾಗುತ್ತದೆ. ನವೆಂಬರ್ ಕೊನೆಗೆ ಐಐಎಂಗಳ, ಅಂದರೆ ಕೇಂದ್ರ ಸರ್ಕಾರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳ, ಕ್ಯಾಟ್. ಡಿಸೆಂಬರಿನಲ್ಲಿ ಸ್ನ್ಯಾಪ್. ಜನವರಿಯಲ್ಲಿ ಎಕ್ಸ್‌ಎಟಿ. ಆಮೇಲೆ ನಮ್ಮ ರಾಜ್ಯದ ಪಿಜಿಸಿಇಟಿ. ಎಲ್ಲದರಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ, ಅದೇ ಇಂಗ್ಲಿಷ್. ಅರ್ಜಿ ಮಾತ್ರ ಬೇರೆ, ಶುಲ್ಕವೂ ಬೇರೆ.

2024ರಲ್ಲಿ ಕ್ಯಾಟ್ ಒಂದಕ್ಕೇ ಸಾಮಾನ್ಯ ವರ್ಗದವರು 2,500 ರೂಪಾಯಿ ಕಟ್ಟಬೇಕಿತ್ತು. ಅಪ್ಪನ ಕಿರಾಣಿ ಅಂಗಡಿಯಲ್ಲಿ ಅಷ್ಟು ಲಾಭ ಬರಬೇಕಾದರೆ ಎಷ್ಟು ದಿನ ಬೇಕು ಅಂತ ನನಗೆ ಗೊತ್ತು. ಇನ್ನು ನಾಲ್ಕೈದು ಪರೀಕ್ಷೆ ಅಂದರೆ? ಕೋಚಿಂಗ್ ಖರ್ಚು ಇನ್ನೂ ಹೇಳಿಯೇ ಇಲ್ಲ.

ಅವಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಲೆಕ್ಕದಲ್ಲಿ ಚುರುಕು. ಕ್ಯಾಟ್‌ನಲ್ಲಿ ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಮೊದಲ ಭಾಗವೇ ಇಂಗ್ಲಿಷ್ ಓದು. ಉದ್ದುದ್ದ ಪ್ಯಾರಾಗಳು. ಅಲ್ಲಿ ಸಮಯ ಸಾಲದೆ ಒದ್ದಾಡುತ್ತಾಳೆ. ಲೆಕ್ಕದಲ್ಲಿ ಉಳಿಸಿದ ಸಮಯವನ್ನು ಇಲ್ಲಿಗೆ ತರುವಂತೆಯೂ ಇಲ್ಲ. ಆಯ್ಕೆ ಕೊಟ್ಟ ಪ್ರಶ್ನೆಗಳಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ ಬೇರೆ.

ಇಷ್ಟೆಲ್ಲ ದಾಟಿ ಒಳ್ಳೆಯ ಪರ್ಸೆಂಟೈಲ್ (ಪರೀಕ್ಷೆ ಬರೆದವರಲ್ಲಿ ಶೇಕಡಾ ಎಷ್ಟು ಜನರಿಗಿಂತ ಮುಂದೆ ಅನ್ನುವ ಲೆಕ್ಕ) ತಂದರೂ ಬೆಂಗಳೂರಿನ ಐಐಎಂ ಹತ್ತನೇ ತರಗತಿಯ ಅಂಕವನ್ನೂ ನೋಡುತ್ತದೆ. ಆ ವರ್ಷ ಅಮ್ಮನಿಗೆ ಹುಷಾರಿರಲಿಲ್ಲ, ಅಡುಗೆ ಮಾಡಿಟ್ಟು ಪರೀಕ್ಷೆಗೆ ಹೋಗುತ್ತಿದ್ದಳು. ಅದನ್ನು ಯಾವ ಅರ್ಜಿಯಲ್ಲಿ ಬರೆಯೋದು?

ಒಂದೇ ಪರೀಕ್ಷೆ, ಒಂದೇ ಶುಲ್ಕ, ಆ ಅಂಕ ಎಲ್ಲ ಕಡೆ ನಡೆಯಲಿ. ಇಷ್ಟು ಕೇಳೋದು ಜಾಸ್ತಿ ಆಯ್ತಾ?