‘ವಂಶದಲ್ಲೇ ಇದೆ, ಏನ್ ಮಾಡೋದು’ ಅನ್ನುವವರಿಗೆ

ಅಕ್ಕನ ಬಲಗೈ ನೋಡಿದಾಗಲೆಲ್ಲ ಕರುಳು ಚುರ್ ಅನ್ನುತ್ತದೆ. ಅವಳಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ. ಬೆರಳುಗಳು ಬುಡದಿಂದಲೇ ಕಿರುಬೆರಳಿನ ಕಡೆಗೆ ವಾಲಿವೆ. ಬಾಟಲಿಯ ಮುಚ್ಚಳವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ತಿರುಗಿಸುತ್ತಾಳೆ. ಮೊದಲ ಸಲ ಗೆಣ್ಣುಗಳು ಊದಿಕೊಂಡಾಗ ಎಲ್ಲರದ್ದೂ ಒಂದೇ ಮಾತು: "ನಿಮ್ಮಮ್ಮನಿಗೂ ಇತ್ತಲ್ಲ, ವಂಶದಲ್ಲೇ ಬಂದಿದ್ದು, ಏನು ಮಾಡೋಕಾಗುತ್ತೆ?" ನಾವೂ ನಂಬಿದೆವು. ಬರೀ ನೋವಿನ ಮಾತ್ರೆಯಲ್ಲೇ ಎರಡು ವರ್ಷ ಕಳೆದುಹೋಯಿತು.

ವಂಶದ ಮಾತು ಸುಳ್ಳಲ್ಲ. ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಅತಿ ಹೆಚ್ಚು ನಂಟಿರುವ ಜೀನ್ ಎಚ್‌ಎಲ್‌ಎ-ಡಿಆರ್‌ಬಿ1. ಈ ಜೀನ್‌ಗೆ ಬಹಳ ರೂಪಗಳಿವೆ. ಕಾಯಿಲೆ ಬಂದವರಲ್ಲಿ ಹೆಚ್ಚಾಗಿ ಕಾಣುವ ರೂಪಗಳಿಗೆಲ್ಲ, ಆ ಜೀನ್ ತಯಾರಿಸುವ ಪ್ರೋಟೀನ್‌ನ ಅಮೈನೊ ಆಮ್ಲಗಳ ಸರಪಳಿಯಲ್ಲಿ 70ರಿಂದ 74ನೇ ಜಾಗದಲ್ಲಿ ಹೆಚ್ಚುಕಡಿಮೆ ಒಂದೇ ತುಣುಕು ಇದೆ ಅಂತ 1987ರಲ್ಲೇ ವಿಜ್ಞಾನಿಗಳು ಹೇಳಿದ್ದರು. ಆಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಅದೇ ಪ್ರೋಟೀನ್‌ನ 11ನೇ ಜಾಗದಲ್ಲಿ ವ್ಯಾಲಿನ್ ಅನ್ನುವ ಅಮೈನೊ ಆಮ್ಲ ಇರುವವರಿಗೆ ಎಕ್ಸ್‌ರೇಯಲ್ಲಿ ಕಾಣುವ ಕೀಲು ಹಾನಿ ಜಾಸ್ತಿ. ಅಂದರೆ ಕಾಯಿಲೆ ಬರುವುದಷ್ಟೇ ಅಲ್ಲ, ಬಂದ ಮೇಲೆ ಮೂಳೆಯನ್ನು ಎಷ್ಟು ತಿನ್ನುತ್ತದೆ ಅನ್ನುವುದರಲ್ಲೂ ಜೀನ್‌ಗೆ ಪಾಲಿದೆ.

ಆದರೆ ಪಾಲು ಅಷ್ಟೇ! ತದ್ರೂಪಿ ಅವಳಿಗಳನ್ನು ನೋಡಿ. ಇಬ್ಬರ ಜೀನ್‌ಗಳೂ ಒಂದೇ ಅಲ್ವಾ? ಆದರೂ ಒಬ್ಬರಿಗೆ ಈ ಕಾಯಿಲೆ ಇದ್ದರೆ ಇನ್ನೊಬ್ಬರಿಗೂ ಬರುವುದು ನೂರು ಜೋಡಿಗಳಲ್ಲಿ ಸುಮಾರು 15ರಲ್ಲಿ ಮಾತ್ರ. ಇನ್ನು ಸಿಗರೇಟು. 70ರಿಂದ 74ನೇ ಜಾಗದ ಆ ತುಣುಕು ಇರುವವರು ಸೇದಿದರೆ ಅಪಾಯ ಹಲವು ಪಟ್ಟು ಏರುತ್ತದೆ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ದಯವಿಟ್ಟು ಸಿಗರೇಟು ಮುಟ್ಟಬೇಡಿ.

ಅಕ್ಕನ ಎರಡು ಎಕ್ಸ್‌ರೇಗಳನ್ನು ಅಕ್ಕಪಕ್ಕ ಹಿಡಿದು ನೋಡಿದ್ದೇನೆ. ಮೊದಲನೆಯದರಲ್ಲಿ ಗೆಣ್ಣಿನ ಮೂಳೆಯ ಅಂಚು ನುಣ್ಣಗಿದೆ. ಎರಡು ವರ್ಷದ ನಂತರದ್ದರಲ್ಲಿ ಅದೇ ಅಂಚು ಗೆದ್ದಲು ಹಿಡಿದ ಮರದ ಹಾಗೆ ಅಲ್ಲಲ್ಲಿ ಕಿತ್ತುಹೋಗಿದೆ. ಕೀಲಿನ ಒಳಪೊರೆ ಊದಿಕೊಂಡೇ ಇದ್ದರೆ ಮೂಳೆ ಕರಗಿಸುವ ಜೀವಕೋಶಗಳು ಚುರುಕಾಗುತ್ತವೆ. ನೋವಿನ ಮಾತ್ರೆ ನೋವು ಇಳಿಸುತ್ತದೆ, ಈ ಸವೆತವನ್ನು ತಡೆಯುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ವಂಶದಲ್ಲಿದೆ ಅಂತ ಗೊತ್ತಿದ್ದ ಮೇಲೆ ಇನ್ನೂ ಬೇಗ ಓಡಬೇಕಿತ್ತು, ಸುಮ್ನೆ ಕೂತುಬಿಟ್ಟೆವು.

ಗೆಣ್ಣು ಊದಿಕೊಂಡು, ಬೆಳಿಗ್ಗೆ ಎದ್ದಾಗ ಕೈ ಗಂಟೆಗಟ್ಟಲೆ ಬಿಗಿದುಕೊಂಡು, ಹೀಗೇ ಕೆಲವು ವಾರ ಕಳೆದರೆ ಕಾಯಬೇಡಿ. ಕೀಲುರೋಗ ತಜ್ಞರಿಗೆ ತೋರಿಸಿ. ಈ ಕಾಯಿಲೆಯನ್ನು ಗುರುತಿಸಲು ನೆರವಾಗುವ ಆಂಟಿ-ಸಿಸಿಪಿ ರಕ್ತಪರೀಕ್ಷೆ ಬೇಕಾ ಅಂತ ನೀವೇ ಕೇಳಿ.

ಅಕ್ಕ ಈಗ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಅನ್ನುವ, ಕಾಯಿಲೆಯನ್ನೇ ಹತೋಟಿಗೆ ತರುವ ಔಷಧಿ ತೆಗೆದುಕೊಳ್ಳುತ್ತಾಳೆ. ಊತ ಇಳಿದಿದೆ, ನಿದ್ದೆ ಬರುತ್ತಿದೆ. ವಾಲಿದ ಬೆರಳುಗಳು ಮಾತ್ರ ನೇರವಾಗಲಿಲ್ಲ.